ಹತ್ತು ಕೈಗಳ ಲೆಕ್ಕ: ಬಾರಾನಗರದ ಗಣಕಶಿಲ್ಪಿ ಸಮರೇಂದ್ರ ಕುಮಾರ ಮಿತ್ರರು

ಕಲಕತ್ತೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ದಕ್ಷಿಣೇಶ್ವರದ ಕಾಳೀಮಂದಿರಕ್ಕೆ ಒಮ್ಮೆಯಾದರೂ ಹೋಗದವರು ವಿರಳ. ಶ್ಯಾಮಬಜಾರವನ್ನು ದಾಟಿ, ಬ್ಯಾರಕ್‌ಪುರ ಟ್ರಂಕ್ ರಸ್ತೆಯನ್ನು ಹಿಡಿದು ಉತ್ತರಕ್ಕೆ ಸಾಗುವಾಗ ಮಂದಿರಕ್ಕೆ ಮೊದಲೇ ಬಾರಾನಗರವು ಸಿಗುತ್ತದೆ. ರಸ್ತೆಯ ಬದಿಯಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಶಾಲವಾದ ಆವರಣವಿದೆ. ಅದರ ಹೆಸರುಹಲಗೆಯನ್ನು ಓದಿ ಮುಂದೆ ಹೋಗುವವರೇ ಹೆಚ್ಚು. ಆದರೆ ಇಂದು ರೈಲಿನ ಟಿಕೆಟಿನಿಂದ ಹೋಟೆಲಿನ ಬಿಲ್ಲಿನವರೆಗೆ ನಮ್ಮ ನಿತ್ಯಜೀವನವನ್ನೆಲ್ಲ ವ್ಯಾಪಿಸಿರುವ ಗಣಕಯಂತ್ರವು ಈ ದೇಶದಲ್ಲಿ ಕಣ್ಣು ತೆರೆದದ್ದು ಈ ಸಂಸ್ಥೆಯಲ್ಲಿಯೇ. ನಮ್ಮ ನೆಲದಲ್ಲಿಯೇ ರಚಿತವಾದ ಮೊದಲ ಎಲೆಕ್ಟ್ರಾನಿಕ್ ಗಣಕವೆಂದು ಪರಿಗಣಿತವಾದ ಯಂತ್ರವನ್ನು 1953ರಲ್ಲಿ ಇಲ್ಲಿ ನಿರ್ಮಿಸಿದವರು ಸಮರೇಂದ್ರ ಕುಮಾರ ಮಿತ್ರರು.

ಆ ಯಂತ್ರವನ್ನು ಕುರಿತು ಬರೆಯುವುದೆಂದರೆ ಬರಿಯ ತಂತಿ, ಗುಂಡಿಗಳನ್ನು ಕುರಿತು ಬರೆಯುವುದಲ್ಲ. ಒಂದು ದೊಡ್ಡ ಲೆಕ್ಕವನ್ನು ಹಲವು ಕೈಗಳಿಗೆ ಹಂಚಿ, ಫಲವನ್ನು ಮತ್ತೆ ಒಂದುಗೂಡಿಸುವುದು ಹೇಗೆ ಎಂಬ ಪ್ರಶ್ನೆಯ ಕಥೆಯಿದು. ಇಂದಿನ ವಿಜ್ಞಾನಿಗಳು ಇದನ್ನು ‘ಸಮಾಂತರ ಗಣನೆ’ ಎಂದು ಕರೆಯುತ್ತಾರೆ. ಹೆಸರು ಹೊಸದಾದರೂ ಸಮಸ್ಯೆಯು ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೂ, ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವವರಿಗೂ ಚಿರಪರಿಚಿತವಾದದ್ದೇ ಆಗಿದೆ.

ಮನುಷ್ಯರೇ ಗಣಕಗಳಾಗಿದ್ದ ಕಾಲ

ಪ್ರಶಾಂತ ಚಂದ್ರ ಮಹಲನೋಬಿಸರು 1931ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಹೊಲಗಳಲ್ಲಿ ಸೆಣಬಿನ ಬೆಳೆ ಎಷ್ಟಾಗಬಹುದೆಂದು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವುದು ಅದು ಕೈಗೊಂಡ ಆರಂಭದ ಕೆಲಸಗಳಲ್ಲೊಂದು. ಸ್ವಾತಂತ್ರ್ಯಾನಂತರ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಆರಂಭವಾಯಿತು. ಹಳ್ಳಿಹಳ್ಳಿಗಳಿಂದ ಬಂದ ಪತ್ರಗಳಲ್ಲಿದ್ದ ಅಂಕಿಗಳನ್ನು ಕೂಡಿಸಿ, ಗುಣಿಸಿ, ಪಟ್ಟಿ ಮಾಡಬೇಕಾಯಿತು. ಮುಂದೆ ಎರಡನೆಯ ಪಂಚವಾರ್ಷಿಕ ಯೋಜನೆಯ ರೂಪರೇಷೆಯೂ ಮಹಲನೋಬಿಸರ ಕೈಯಲ್ಲಿಯೇ ಮೂಡಿತು.

ಇಷ್ಟೆಲ್ಲ ಲೆಕ್ಕವನ್ನು ಮಾಡಿದವರು ಯಾರು? ಮೇಜಿನ ಮೇಲೆ ಕೈಯಿಂದ ತಿರುಗಿಸುವ ಗಣನಯಂತ್ರವನ್ನಿಟ್ಟುಕೊಂಡು ಸಾಲುಸಾಲಾಗಿ ಕುಳಿತಿದ್ದ ನೂರಾರು ಮಂದಿ ನೌಕರರು. ‘ಕಂಪ್ಯೂಟರ್’ ಎಂಬ ಶಬ್ದಕ್ಕೆ ಆಗ ಇದ್ದ ಅರ್ಥವೇ ‘ಲೆಕ್ಕ ಮಾಡುವ ಮನುಷ್ಯ’ ಎಂದು; ಅದೊಂದು ಹುದ್ದೆಯ ಹೆಸರಾಗಿತ್ತು. ಒಬ್ಬನು ಒಂದು ಭಾಗವನ್ನು ಲೆಕ್ಕ ಮಾಡಿದರೆ ಪಕ್ಕದವನು ಮತ್ತೊಂದು ಭಾಗವನ್ನು ಮಾಡುವನು. ಮೇಲ್ವಿಚಾರಕನು ಎರಡನ್ನೂ ತಾಳೆ ನೋಡುವನು. ಸಮಾಂತರ ಗಣನೆಯ ಮೊದಲ ಯಂತ್ರವು ಮನುಷ್ಯರ ಸಾಲೇ ಆಗಿತ್ತೆಂದರೆ ತಪ್ಪಾಗದು.

ಇಂತಹ ಸಾಲಿನ ಬಗೆಗೆ ಎಲ್ಲರಿಗಿಂತ ದೊಡ್ಡ ಕನಸನ್ನು ಕಂಡವರು ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್ನರು. 1922ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅವರು ಒಂದು ಬೃಹತ್ ರಂಗಮಂದಿರವನ್ನು ಕಲ್ಪಿಸಿದರು. ಅದರ ಗೋಡೆಯ ಮೇಲೆಲ್ಲ ಭೂಗೋಳದ ಚಿತ್ರ. ಅಲ್ಲಿ 64,000 ಮಂದಿ ಕುಳಿತು, ತಮ್ಮತಮ್ಮ ಪಾಲಿನ ಪ್ರದೇಶದ ಗಾಳಿ, ಒತ್ತಡ, ಉಷ್ಣತೆಗಳನ್ನು ಏಕಕಾಲದಲ್ಲಿ ಲೆಕ್ಕ ಮಾಡಬೇಕು. ನಡುವಿನ ಎತ್ತರದ ಪೀಠದಲ್ಲಿ ನಿಂತ ನಾಯಕನು, ಮುಂದೆ ಓಡುತ್ತಿರುವ ಗುಂಪಿನ ಮೇಲೆ ಗುಲಾಬಿ ಬಣ್ಣದ ಬೆಳಕನ್ನೂ ಹಿಂದೆ ಬಿದ್ದ ಗುಂಪಿನ ಮೇಲೆ ನೀಲಿ ಬೆಳಕನ್ನೂ ಹಾಯಿಸಿ ಎಲ್ಲರನ್ನೂ ಒಂದೇ ಹೆಜ್ಜೆಯಲ್ಲಿ ನಡೆಸಬೇಕು. ಹೀಗಾದರೆ ನಾಳಿನ ಹವೆಯನ್ನು ನಾಳೆ ಬರುವ ಮುನ್ನವೇ ಹೇಳಬಹುದು.

ಈ ಕನಸಿಗೆ ಮುನ್ನ ರಿಚರ್ಡ್‌ಸನ್ನರು ಒಬ್ಬರೇ ಕುಳಿತು ಪರೀಕ್ಷಾರ್ಥವಾಗಿ ಒಂದು ಲೆಕ್ಕವನ್ನು ಮಾಡಿ ನೋಡಿದ್ದರು. ಯೂರೋಪಿನಲ್ಲಿ 1910ರ ಮೇ 20ರಂದು ಇದ್ದ ಹವೆಯನ್ನು ಆಧಾರವಾಗಿಟ್ಟುಕೊಂಡು ಮಾಡಿದ ಆ ಲೆಕ್ಕದ ಫಲವು ವಾಸ್ತವಕ್ಕೆ ತೀರ ದೂರವಾಗಿತ್ತು. ಆದರೂ ಅವರು ಅದನ್ನು ಮುಚ್ಚಿಡದೆ ಗ್ರಂಥದಲ್ಲಿ ಅಚ್ಚು ಹಾಕಿಸಿದರು. ಈ ದಿನಾಂಕವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರಿಕೆ.

ಅಡಿಗೆಮನೆಯ ನ್ಯಾಯ

ಕೈಗಳು ಹೆಚ್ಚಿದಷ್ಟೂ ಕೆಲಸವು ಬೇಗ ಮುಗಿಯುವುದೆ? ಹೋಟೆಲಿನಲ್ಲಿ ದುಡಿದವರಿಗೆ ಇದರ ಉತ್ತರವನ್ನು ಯಾರೂ ಕಲಿಸಬೇಕಾಗಿಲ್ಲ. ಒಬ್ಬನೇ ಭಟ್ಟನು ಸಾಂಬಾರನ್ನು ಮಾಡಲು 100 ನಿಮಿಷ ಹಿಡಿಯುವುದೆಂದು ಭಾವಿಸೋಣ. ಅದರಲ್ಲಿ 90 ನಿಮಿಷ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಮಸಾಲೆ ಅರೆಯುವುದು. ಉಳಿದ 10 ನಿಮಿಷ ಎಲ್ಲವನ್ನೂ ಕೂಡಿಸಿ ಕುದಿಸುವುದು. ಒಂಬತ್ತು ಮಂದಿ ಸೇರಿದರೆ 90 ನಿಮಿಷದ ಕೆಲಸವು 10 ನಿಮಿಷದಲ್ಲಿ ಮುಗಿಯುತ್ತದೆ. ಕುದಿಯುವ ಹೊತ್ತನ್ನು ಸೇರಿಸಿದರೆ ಒಟ್ಟು 20 ನಿಮಿಷ. ಒಂಬತ್ತು ಜನರಿದ್ದರೂ ವೇಗವು ಹೆಚ್ಚಿದ್ದು ಐದು ಪಟ್ಟು ಮಾತ್ರ. ತೊಂಬತ್ತು ಮಂದಿಯನ್ನು ನಿಲ್ಲಿಸಿದರೂ 11 ನಿಮಿಷ ಬೇಕೇ ಬೇಕು. ಸಾವಿರ ಮಂದಿ ಬಂದರೂ 10 ನಿಮಿಷಕ್ಕಿಂತ ಕೆಳಗೆ ಇಳಿಯಲಾಗದು. ಏಕೆಂದರೆ ಕುದಿಯುವುದನ್ನು ಹಂಚಿಕೊಳ್ಳಲು ಬರುವುದಿಲ್ಲ.

1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕತಜ್ಞರು ಈ ವಿಚಾರವನ್ನು ವಿದ್ವಾಂಸರ ಮುಂದೆ ಮಂಡಿಸಿದರು. ಗಣಕಶಾಸ್ತ್ರದಲ್ಲಿ ಅದು ಅವರ ಹೆಸರಿನ ನಿಯಮವೆಂದೇ ಪ್ರಸಿದ್ಧವಾಗಿದೆ. ಕೆಲಸದಲ್ಲಿ ಹಂಚಬಹುದಾದದ್ದು ಎಷ್ಟು, ಸರದಿಯಲ್ಲಿಯೇ ನಡೆಯಬೇಕಾದದ್ದು ಎಷ್ಟು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕೆಂಬುದೇ ಅದರ ತಿರುಳು. ಮಿತ್ರರ ಯಂತ್ರದಲ್ಲಿ ಈ ಎರಡು ಬಗೆಯ ಕೆಲಸಗಳನ್ನೂ ಸ್ಪಷ್ಟವಾಗಿ ಕಾಣಬಹುದು.

ರಸಾಯನದಿಂದ ಗಣಕಕ್ಕೆ

ಸಮರೇಂದ್ರ ಕುಮಾರ ಮಿತ್ರರು 1916ರಲ್ಲಿ ಕಲಕತ್ತೆಯಲ್ಲಿ ಜನಿಸಿದರು. ತಂದೆಯವರು ಕಲಕತ್ತೆಯ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಮಿತ್ರರು ಎಂ.ಎಸ್‌ಸಿ. ಪದವಿಯನ್ನು ಪಡೆದದ್ದು ರಸಾಯನಶಾಸ್ತ್ರದಲ್ಲಿ. ಬಳಿಕ ಮೇಘನಾದ ಸಾಹಾ ಅವರ ಬಳಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ, ಗಾಳಿಯ ಬಲದಿಂದ ಅತಿವೇಗವಾಗಿ ತಿರುಗುವ ಒಂದು ಉಪಕರಣದ ರಚನೆಯಲ್ಲಿ ತೊಡಗಿದರು. ಪುಸ್ತಕದ ವಿದ್ಯೆಯೊಡನೆ ಕೈಕೆಲಸದ ವಿದ್ಯೆಯೂ ಅವರಿಗೆ ಹೀಗೆ ಲಭಿಸಿತು.

1949-50ರಲ್ಲಿ ಯುನೆಸ್ಕೋ ಸಂಸ್ಥೆಯ ವಿದ್ಯಾರ್ಥಿವೇತನವನ್ನು ಪಡೆದು ಅವರು ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಗಿ, ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ಕೇಂಬ್ರಿಜ್‌ಗಳಲ್ಲಿ ಆಗತಾನೇ ರೂಪುಗೊಳ್ಳುತ್ತಿದ್ದ ಅತಿವೇಗದ ಗಣನಯಂತ್ರಗಳನ್ನು ಅಭ್ಯಾಸ ಮಾಡಿದರು. ಮರಳಿ ಬಂದು ಬಾರಾನಗರದ ಸಂಸ್ಥೆಯಲ್ಲಿ ಗಣನಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗವನ್ನು ಕಟ್ಟಿ ಅದರ ಮೊದಲ ಮುಖ್ಯಸ್ಥರಾದರು. ಅಂತಹ ಯಂತ್ರವನ್ನು ಕೊಳ್ಳಲು ಹಣ ಬೇಕು, ವಿದೇಶೀ ವಿನಿಮಯ ಬೇಕು. ಅವುಗಳಿಗೆ ಕಾಯುತ್ತ ಕೂಡದೆ, ಸೌಮ್ಯೇಂದ್ರ ಮೋಹನ ಬೋಸರನ್ನು ಜೊತೆಗೂಡಿಸಿಕೊಂಡು ಮಿತ್ರರು ತಾವೇ ಒಂದು ಯಂತ್ರವನ್ನು ರಚಿಸಲು ತೊಡಗಿದರು.

ಹತ್ತು ಅಜ್ಞಾತಗಳು

1953ರಲ್ಲಿ ಸಿದ್ಧವಾದ ಆ ಯಂತ್ರವು ಹತ್ತು ಅಜ್ಞಾತ ಸಂಖ್ಯೆಗಳುಳ್ಳ ಸಮೀಕರಣಗಳನ್ನು ಬಿಡಿಸುತ್ತಿತ್ತು. ಅದೇನೆಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ಎರಡು ಪ್ಲೇಟು ಇಡ್ಲಿ, ಒಂದು ಕಾಫಿಗೆ 70 ರೂಪಾಯಿ. ಒಂದು ಪ್ಲೇಟು ಇಡ್ಲಿ, ಒಂದು ಕಾಫಿಗೆ 45 ರೂಪಾಯಿ. ಹಾಗಾದರೆ ಒಂದೊಂದರ ಬೆಲೆಯೆಷ್ಟು? ಇಡ್ಲಿಗೆ 25, ಕಾಫಿಗೆ 20 ಎಂದು ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಕ್ಷಣದಲ್ಲಿ ಹೇಳಿಯಾರು. ಅಜ್ಞಾತಗಳು ಎರಡಾಗಿರದೆ ಹತ್ತಾದರೆ, ಕೈಯಿಂದ ಬಿಡಿಸಲು ನೂರಾರು ಗುಣಾಕಾರಗಳು ಬೇಕಾಗುತ್ತವೆ. ನಡುವೆ ಒಂದು ಅಂಕಿಯು ತಪ್ಪಿದರೆ ಎಲ್ಲವೂ ವ್ಯರ್ಥ.

ಮಿತ್ರರು ಅನುಸರಿಸಿದ್ದು ಗೌಸ್ ಮತ್ತು ಸೈಡೆಲ್ ಎಂಬ ಜರ್ಮನ್ ಗಣಿತಜ್ಞರ ಹೆಸರಿನ ಕ್ರಮವನ್ನು, ತಾವು ಮಾಡಿದ ಕೆಲವು ಮಾರ್ಪಾಟುಗಳೊಡನೆ. ಮೊದಲು ಒಂದು ಊಹೆಯನ್ನು ಮಾಡುವುದು. ಆ ಊಹೆಯನ್ನು ಮತ್ತೆ ಮತ್ತೆ ತಿದ್ದುವುದು. ಕಾಫಿಗೆ 10 ರೂಪಾಯಿ ಎಂದು ಊಹಿಸೋಣ. ಮೊದಲ ಬಿಲ್ಲಿನ ಪ್ರಕಾರ ಇಡ್ಲಿಗೆ 30 ಆಗುತ್ತದೆ. ಆ 30ನ್ನು ಎರಡನೆಯ ಬಿಲ್ಲಿನಲ್ಲಿ ಇಟ್ಟರೆ ಕಾಫಿಗೆ 15 ಬರುತ್ತದೆ. ಅದನ್ನು ಮೊದಲ ಬಿಲ್ಲಿಗೆ ಒಯ್ದರೆ ಇಡ್ಲಿಗೆ 27.50, ಮತ್ತೆ ಕಾಫಿಗೆ 17.50. ಪ್ರತಿ ಸುತ್ತಿನಲ್ಲಿಯೂ ತಪ್ಪು ಅರ್ಧಕ್ಕೆ ಇಳಿಯುತ್ತ ಹೋಗಿ ಸರಿಯಾದ ಬೆಲೆಯು ಹತ್ತಿರವಾಗುತ್ತದೆ.

ಯಂತ್ರದಲ್ಲಿ ಈ ಸಂಖ್ಯೆಗಳು ಕಾಗದದ ಮೇಲಿನ ಅಂಕಿಗಳಾಗಿರದೆ ವಿದ್ಯುತ್ತಿನ ಪ್ರಮಾಣಗಳಾಗಿದ್ದವು. ಹೀಗೆ ಸಂಖ್ಯೆಗೆ ಬದಲಾಗಿ ಒಂದು ಭೌತಿಕ ಪ್ರಮಾಣವನ್ನು ಬಳಸುವ ಗಣಕಕ್ಕೆ ‘ಅನಲಾಗ್’ ಎಂದು ಹೆಸರು. ಹತ್ತು ಹೊಳೆಗಳು ಕೂಡಿ ಒಂದು ನದಿಯಾಗಲು ಒಂದೊಂದಾಗಿ ಕಾಯಬೇಕಾಗಿಲ್ಲವಷ್ಟೆ? ಹಾಗೆಯೇ ಹತ್ತು ಗುಣಲಬ್ಧಗಳ ಮೊತ್ತವು ಇಂತಹ ಯಂತ್ರದಲ್ಲಿ ಒಮ್ಮೆಗೇ ಏರ್ಪಡುತ್ತದೆ. ಆದರೆ ಊಹೆಯನ್ನು ತಿದ್ದುವ ಕೆಲಸವು ಸರದಿಯಲ್ಲಿಯೇ ನಡೆಯಬೇಕು. ಮೊದಲನೆಯದು ತಿದ್ದಿದ ಮೇಲೆ ಎರಡನೆಯದು, ಅನಂತರ ಮೂರನೆಯದು. ಒಂದು ಭಾಗ ಕೂಡಿ ನಡೆಯುವುದು, ಮತ್ತೊಂದು ಭಾಗ ಕಾಯುವುದು. ಅಡಿಗೆಮನೆಯ ನ್ಯಾಯವೇ ಇಲ್ಲಿಯೂ ಇದೆ.

ಆ ವರ್ಷದ ಡಿಸೆಂಬರಿನಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರು ಸಂಸ್ಥೆಗೆ ಬಂದು ಈ ಯಂತ್ರವನ್ನು ವೀಕ್ಷಿಸಿದರು. ಅಂದಿನ ಭಾರತದಲ್ಲಿ ಅದೊಂದು ಪುಟ್ಟ ಯಂತ್ರ. ಆದರೆ ಇಂತಹದನ್ನು ನಾವೂ ಮಾಡಬಲ್ಲೆವೆಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು.

ಹಡಗಲಿಯಲ್ಲಿ ಹುಟ್ಟಿದವರು

ಇದೇ ಸಂಸ್ಥೆಯಲ್ಲಿ ಅಂಕಿಗಳಿಗೆ ಕಣ್ಣು ಕೊಟ್ಟ ಮತ್ತೊಬ್ಬರಿದ್ದರು. ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು ಹುಟ್ಟಿದ್ದು 1920ರಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. ಮನೆಮಾತು ತೆಲುಗು, ಓದಿದ್ದು ಆಂಧ್ರದಲ್ಲಿ. ಯುದ್ಧಕಾಲದಲ್ಲಿ ಸೈನ್ಯಕ್ಕೆ ಸಂಬಂಧಿಸಿದ ಒಂದು ಹುದ್ದೆಯ ಸಂದರ್ಶನಕ್ಕೆಂದು ಅವರು ಕಲಕತ್ತೆಗೆ ಬಂದರು. ಆ ಹುದ್ದೆಯು ಅವರಿಗೆ ಸಿಕ್ಕಲಿಲ್ಲ. ಆದರೆ ತಂಗಿದ್ದ ದಕ್ಷಿಣ ಭಾರತೀಯರ ಹೋಟೆಲಿನಲ್ಲಿ ಒಬ್ಬ ಯುವಕನ ಪರಿಚಯವಾಯಿತು. ಆತನು ಸಂಖ್ಯಾಶಾಸ್ತ್ರದ ಶಿಕ್ಷಣಕ್ಕಾಗಿ ಮಹಲನೋಬಿಸರ ಸಂಸ್ಥೆಗೆ ಬಂದಿದ್ದವನು. ಆ ಪರಿಚಯದಿಂದಲೇ ರಾವ್ ಅವರು ಸಂಸ್ಥೆಯನ್ನು ಕಂಡರು; 1941ರ ಜನವರಿ 1ರಂದು ಅಲ್ಲಿಗೆ ಸೇರಿದರು; ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿಯೇ ದುಡಿದು ಜಗತ್ಪ್ರಸಿದ್ಧರಾದರು. ಹೊರನಾಡಿನ ಒಂದು ಹೋಟೆಲಿನ ಊಟದ ಮೇಜು ಒಬ್ಬರ ಬಾಳನ್ನು ತಿರುಗಿಸಿದ ಈ ಪ್ರಸಂಗವನ್ನು ನಮ್ಮ ಹೋಟೆಲಿನ ಬಂಧುಗಳು ಅಭಿಮಾನದಿಂದ ನೆನೆಯಬಹುದು.

ರಾವ್ ಅವರು ಬಿಡಿಸಿದ ಹಲವು ಸಮಸ್ಯೆಗಳಲ್ಲಿ ಒಂದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದು. ಹಲವು ಸಮುದಾಯಗಳ ಜನರ ಎತ್ತರ, ತಲೆಯ ಅಗಲ, ಮೂಗಿನ ಉದ್ದ ಮೊದಲಾದುವನ್ನು ಅಳೆದು, ಯಾವ ಗುಂಪು ಯಾವುದಕ್ಕೆ ಹತ್ತಿರವೆಂದು ತಿಳಿಯಲು ಮಹಲನೋಬಿಸರು ಒಂದು ಅಳತೆಗೋಲನ್ನು ರಚಿಸಿದ್ದರು. ಆದರೆ 20 ಗುಂಪುಗಳಿದ್ದರೆ 190 ಜೋಡಿಗಳಾಗುತ್ತವೆ. 190 ಅಂಕಿಗಳ ಪಟ್ಟಿಯನ್ನು ನೋಡಿ ಯಾರಿಗೆ ಏನು ತಿಳಿದೀತು? 1948ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ರಾವ್ ಅವರು, ಅನೇಕ ಅಳತೆಗಳನ್ನು ಸಾರವು ಕೆಡದಂತೆ ಕೆಲವೇ ಅಳತೆಗಳಿಗೆ ಇಳಿಸಿ, ಗುಂಪುಗಳನ್ನು ಒಂದು ಹಾಳೆಯ ಮೇಲೆ ಚುಕ್ಕಿಗಳಾಗಿ ಗುರುತಿಸುವ ಮಾರ್ಗವನ್ನು ತೋರಿಸಿದರು. ಹತ್ತಿರದ ಗುಂಪುಗಳು ಹತ್ತಿರದ ಚುಕ್ಕಿಗಳಾದವು. ಕಣ್ಣಿಗೆ ಕಾಣದ ಸಂಬಂಧವನ್ನು ಚಿತ್ರವಾಗಿಸುವ ಈ ವಿದ್ಯೆಯು ಇಂದು ‘ವೈಜ್ಞಾನಿಕ ಚಿತ್ರಣ’ವೆಂಬ ಶಾಖೆಯಾಗಿ ಬೆಳೆದಿದೆ. ಲೆಕ್ಕವು ದೊಡ್ಡದಾದಷ್ಟೂ ಚಿತ್ರದ ಅಗತ್ಯವೂ ಹೆಚ್ಚುತ್ತದೆ. ರಾವ್ ಅವರು 2023ರ ಆಗಸ್ಟಿನಲ್ಲಿ, 102ರ ವಯಸ್ಸಿನಲ್ಲಿ ನಿಧನರಾದರು.

ಕೊಂಡ ಯಂತ್ರ, ಕಟ್ಟಿದ ಯಂತ್ರ

ಮಿತ್ರರ ಯಂತ್ರದ ಬಳಿಕ ಬಾರಾನಗರಕ್ಕೆ ಇಂಗ್ಲೆಂಡಿನಿಂದ ಎಚ್.ಇ.ಸಿ. 2ಎಂ ಎಂಬ ಗಣಕವು 1955ರಲ್ಲಿ ಬಂದಿತು. ಅಂಕಿಗಳನ್ನೇ ಬಳಸಿ ಲೆಕ್ಕ ಮಾಡುವ ಡಿಜಿಟಲ್ ಗಣಕಗಳಲ್ಲಿ ಭಾರತಕ್ಕೆ ಬಂದ ಮೊದಲನೆಯದು ಅದು. ತಿರುಗುವ ಒಂದು ಉರುಳೆಯೇ ಅದರ ಸ್ಮರಣೆ. ಅದರಲ್ಲಿ ಹಿಡಿಯುತ್ತಿದ್ದುದು 1024 ಪದಗಳು ಮಾತ್ರ. ಕೆಲವು ವರ್ಷಗಳಲ್ಲಿಯೇ ಸೋವಿಯತ್ ದೇಶದ ‘ಉರಾಲ್’ ಗಣಕವೂ ಬಂದಿತು.

ಕೊಂಡ ಯಂತ್ರವು ಎಂದಾದರೂ ಹಳತಾಗುವುದು. ಕಟ್ಟುವ ವಿದ್ಯೆಯು ಉಳಿಯುವುದು. ಸಂಖ್ಯಾಶಾಸ್ತ್ರ ಸಂಸ್ಥೆ ಮತ್ತು ಜಾದವಪುರ ವಿಶ್ವವಿದ್ಯಾಲಯ ಇವೆರಡೂ ಕೂಡಿ, ಮಿತ್ರರ ನೇತೃತ್ವದಲ್ಲಿ ಟ್ರಾನ್ಸಿಸ್ಟರುಗಳನ್ನು ಬಳಸಿದ ಡಿಜಿಟಲ್ ಗಣಕವೊಂದನ್ನು ನಿರ್ಮಿಸಿದವು. ‘ಇಸಿಜು’ ಎಂಬ ಅದರ ಹೆಸರು ಎರಡು ಸಂಸ್ಥೆಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಆದದ್ದು. 1966ರಲ್ಲಿ ಅದು ವಿಧಿವತ್ತಾಗಿ ಕಾರ್ಯಾರಂಭ ಮಾಡಿತು. ಹದಿಮೂರು ವರ್ಷಗಳ ಹಿಂದೆ ಹತ್ತು ಅಜ್ಞಾತಗಳ ಯಂತ್ರದಿಂದ ಹೊರಟ ಪಯಣವು ಹೀಗೆ ಮುಂದಿನ ಘಟ್ಟವನ್ನು ಮುಟ್ಟಿತು.

ಗುಮಾಸ್ತರ ಆತಂಕ

ಇಷ್ಟನ್ನು ಹೇಳಿ, ಅದೇ ಕಾಲದಲ್ಲಿ ಇದೇ ನಗರದಲ್ಲಿ ಎದ್ದ ಮತ್ತೊಂದು ಧ್ವನಿಯನ್ನು ಹೇಳದಿದ್ದರೆ ಕಥೆಯು ಅರ್ಧವಾಗುತ್ತದೆ. 1960ರ ದಶಕದ ಉತ್ತರಾರ್ಧದಲ್ಲಿ ಜೀವವಿಮಾ ನಿಗಮವು ಕಲಕತ್ತೆಯ ಇಲಾಕೋ ಹೌಸ್ ಎಂಬ ಕಟ್ಟಡದಲ್ಲಿ ಗಣಕವನ್ನು ಸ್ಥಾಪಿಸಲು ಹೊರಟಾಗ ನೌಕರರು ಪ್ರತಿಭಟಿಸಿದರು. ಯಂತ್ರವು ಒಳಕ್ಕೆ ಬಾರದಂತೆ ಹಗಲಿರುಳು ಕಾವಲು ನಿಂತರು. ನೂರು ಗುಮಾಸ್ತರು ಮಾಡುವ ಲೆಕ್ಕವನ್ನು ಒಂದು ಯಂತ್ರವು ಮಾಡಿದರೆ ನೂರು ಮನೆಗಳ ಒಲೆಯ ಗತಿಯೇನೆಂಬುದು ಅವರ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಬಾರಾನಗರದ ಮೇಜುಗಳ ಮುಂದೆ ಕುಳಿತು ಕೈಯಿಂದ ಲೆಕ್ಕ ಮಾಡಿದ ನೂರಾರು ಮಂದಿಯ ಹುದ್ದೆಯ ಹೆಸರನ್ನು ಯಂತ್ರವು ತೆಗೆದುಕೊಂಡಿತು. ಅವರ ಸ್ವಂತ ಹೆಸರುಗಳು ಮರೆಯಾದವು. ಯಂತ್ರವನ್ನು ತಡೆದು ನಿಲ್ಲಿಸಲು ಆಗಲಿಲ್ಲವೆಂಬುದೂ ನಿಜ. ಇಂದು ಗಣಕದ ಮುಂದೆ ಕುಳಿತೇ ಅಸಂಖ್ಯಾತ ಗುಮಾಸ್ತರು ಅನ್ನವನ್ನು ಸಂಪಾದಿಸುತ್ತಿದ್ದಾರೆ. ಆದರೆ ಕೆಲಸವನ್ನು ಕಳೆದುಕೊಂಡವನೂ ಹೊಸ ಕೆಲಸವನ್ನು ಪಡೆದವನೂ ಒಬ್ಬನೇ ಆಗಿರಬೇಕೆಂಬ ನಿಯಮವಿಲ್ಲ. ಹೊಸ ಯಂತ್ರವು ಬಂದಾಗಲೆಲ್ಲ ಹಳಬರಿಗೆ ಹೊಸ ವಿದ್ಯೆಯನ್ನು ಕಲಿಸುವ ಹೊಣೆ ಯಾರದೆಂಬ ಪ್ರಶ್ನೆಯು ಅಂದಿನಂತೆಯೇ ಇಂದೂ ಉಳಿದಿದೆ.

ಬೆಂಗಳೂರಿನಿಂದ ಮತ್ತೆ ಕಲಕತ್ತೆಗೆ

ಹಂಚಿ ಲೆಕ್ಕ ಮಾಡುವ ವಿದ್ಯೆಯು ಯಂತ್ರಗಳೊಳಗೆ ನಮ್ಮ ದೇಶದಲ್ಲಿ ಮೊದಲು ನೆಲೆಗೊಂಡದ್ದು ನಮ್ಮ ನಾಡಿನಲ್ಲಿಯೇ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿ ಯು. ಎನ್. ಸಿನ್ಹಾ ಅವರ ತಂಡವು ‘ಫ್ಲೋಸಾಲ್ವರ್’ ಎಂಬ ಗಣಕವನ್ನು ರಚಿಸಿತು. ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ಬೆಂಗಳೂರಿನಲ್ಲಿಯೇ ಹುಟ್ಟಿದ ರೊದ್ದಂ ನರಸಿಂಹ ಅವರು. ವಿಮಾನದ ರೆಕ್ಕೆಯ ಸುತ್ತ ಗಾಳಿಯು ಹರಿಯುವ ಬಗೆಯನ್ನು ಲೆಕ್ಕ ಮಾಡಲು, ಪೇಟೆಯಲ್ಲಿ ಸಿಗುವ ಸಾಮಾನ್ಯ ಪ್ರೊಸೆಸರುಗಳನ್ನು ಜೋಡಿಸಿ ಅವುಗಳಿಗೆ ಕೆಲಸವನ್ನು ಹಂಚಿಕೊಟ್ಟರು. ಭಾರತದ ಮೊದಲ ಸಮಾಂತರ ಗಣಕವದು. 1991ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ವಿಜಯ ಭಾಟಕರರ ನೇತೃತ್ವದಲ್ಲಿ ‘ಪರಮ್ 8000’ ಸಿದ್ಧವಾಯಿತು. ಅದೇ ಪರಂಪರೆಯ ‘ಪರಮ್ ರುದ್ರ’ ಗಣಕಗಳು 2024ರ ಸೆಪ್ಟೆಂಬರ್ 26ರಂದು ಪುಣೆ, ದಿಲ್ಲಿ, ಕಲಕತ್ತೆಗಳಲ್ಲಿ ಲೋಕಾರ್ಪಣೆಗೊಂಡವು. ಕಲಕತ್ತೆಯದು ಸಾಲ್ಟ್ ಲೇಕಿನ ಸತ್ಯೇಂದ್ರನಾಥ ಬೋಸ್ ರಾಷ್ಟ್ರೀಯ ಮೂಲವಿಜ್ಞಾನ ಕೇಂದ್ರದಲ್ಲಿದೆ.

ಈ ಎಲ್ಲ ಲೆಕ್ಕದಿಂದ ಜನಸಾಮಾನ್ಯರಿಗೆ ಏನು ಪ್ರಯೋಜನವೆಂದು ಕೇಳುವವರು 2020ರ ಮೇ ತಿಂಗಳನ್ನು ನೆನೆಯಬೇಕು. ‘ಅಂಫಾನ್’ ಚಂಡಮಾರುತವು ಬಂಗಾಳ ಕೊಲ್ಲಿಯಲ್ಲಿ ಎದ್ದಾಗ ಅದರ ಹಾದಿಯನ್ನು ತೋರಿಸುವ ನಕ್ಷೆಗಳು ದಿನಗಳ ಮೊದಲೇ ಪತ್ರಿಕೆಗಳಲ್ಲಿ ಬಂದುವು. ಸಮುದ್ರದ ಮೇಲಿಂದ ಕಲಕತ್ತೆಯತ್ತ ಬಾಗಿದ್ದ ಆ ಒಂದು ಗೆರೆಯ ಹಿಂದೆ, ಭೂಗೋಳವನ್ನು ಚೌಕಗಳಾಗಿ ವಿಭಾಗಿಸಿ ಸಾವಿರಾರು ಪ್ರೊಸೆಸರುಗಳು ಏಕಕಾಲದಲ್ಲಿ ಮಾಡಿದ ಲೆಕ್ಕವಿತ್ತು; ಆ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿದ ಚಿತ್ರಣವಿತ್ತು. ಕರಾವಳಿಯ ಲಕ್ಷಾಂತರ ಜನರು ಮುಂಚಿತವಾಗಿ ಸುರಕ್ಷಿತ ಸ್ಥಳಗಳಿಗೆ ಸೇರಿದರು. ಮರಗಳು ಉರುಳಿದುವು, ಮನೆಗಳು ಕುಸಿದುವು, ಜೀವಹಾನಿಯೂ ಆಯಿತು. ಎಚ್ಚರಿಕೆಯಿಲ್ಲದಿದ್ದರೆ ಅದು ಎಷ್ಟಾಗುತ್ತಿತ್ತೋ ಊಹಿಸುವುದೂ ಕಷ್ಟ. ಅಂಫಾನ್ ನೆಲವನ್ನು ಮುಟ್ಟಿದ್ದು ಮೇ 20ರಂದು. ರಿಚರ್ಡ್‌ಸನ್ನರು ತಮ್ಮ ವಿಫಲವಾದ ಲೆಕ್ಕಕ್ಕೆ ಆರಿಸಿಕೊಂಡ ದಿನಕ್ಕೆ ಅಂದಿಗೆ ಸರಿಯಾಗಿ 110 ವರ್ಷ.

ಸಮರೇಂದ್ರ ಕುಮಾರ ಮಿತ್ರರು 1998ರಲ್ಲಿ ತೀರಿಕೊಂಡರು. ಹತ್ತು ಅಜ್ಞಾತಗಳನ್ನು ಬಿಡಿಸಿದ ಅವರ ಯಂತ್ರವನ್ನು ಇಂದಿನ ಗಣಕಗಳ ಪಕ್ಕದಲ್ಲಿಟ್ಟರೆ ಅದೊಂದು ಆಟಿಕೆಯಂತೆ ಕಂಡೀತು. ಆದರೆ ಇಂದಿನ ಅತಿ ದೊಡ್ಡ ಗಣಕವೂ ಅವರು ಎದುರಿಸಿದ ಪ್ರಶ್ನೆಯಿಂದ ಪಾರಾಗಿಲ್ಲ: ಯಾವುದನ್ನು ಹಂಚಬೇಕು, ಯಾವುದಕ್ಕೆ ಕಾಯಬೇಕು, ಹಂಚಿದ್ದನ್ನು ಹೇಗೆ ಕೂಡಿಸಬೇಕು? ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಭಟ್ಟರು, ಮಾಣಿಗಳು, ಗಲ್ಲೆಯವರು ಒಬ್ಬರ ಹೊತ್ತಿಗೆ ಒಬ್ಬರು ಒದಗುವಂತೆ ನಡೆದುಕೊಳ್ಳುವುದು ನಮ್ಮವರಿಗೆ ತಿಳಿದ ವಿದ್ಯೆ. ಅದು ಸಣ್ಣ ವಿದ್ಯೆಯಲ್ಲ. ಜಗತ್ತಿನ ಮಹಾಗಣಕಗಳನ್ನು ಕಟ್ಟುವವರು ಇಂದಿಗೂ ಕಲಿಯುತ್ತಿರುವುದು ಅದನ್ನೇ.